ಬೆಳಕಿಗೆ ಬಣ್ಣ ಕೊಟ್ಟ ಹ್ಯಾರಿ ಕ್ಲಾರ್ಕ್: ವಲಸಿಗನ ಮಗನೊಬ್ಬನ ಕಥೆ

ಡಬ್ಲಿನ್‌ನಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರಿಗೆ ಗ್ರಾಫ್ಟನ್ ಸ್ಟ್ರೀಟಿನ ಬ್ಯೂಲೀಸ್ ಕೆಫೆ ಗೊತ್ತು. ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಾಗ ಪೇಟೆ ತೋರಿಸಲು ಕರೆದುಕೊಂಡು ಹೋಗುತ್ತೇವೆ. ಕಾಲು ನೋಯಲು ಶುರುವಾದ ಮೇಲೆ ಅಲ್ಲಿ ಕೂರಿಸಿ ಕಾಫಿ ಕುಡಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ಅಮ್ಮ ಬಂದಿದ್ದಾಗಲೂ ಹಾಗೆಯೇ ಆಯಿತು. ಕಾಫಿಯ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ಅಭಿಪ್ರಾಯವೇನೂ ಬರಲಿಲ್ಲ. ಆದರೆ ಎದುರಿನ ಬಣ್ಣದ ಗಾಜಿನ ಕಿಟಕಿಗಳನ್ನು ಬಹಳ ಹೊತ್ತು ನೋಡಿದರು. ಎತ್ತರದ ಕಂಬಗಳು, ಅವುಗಳ ಸುತ್ತ ಹಬ್ಬಿದ ಹೂಗಳು, ಹಕ್ಕಿಗಳು, ಚಿಟ್ಟೆಗಳು. ಕೊನೆಗೆ, "ಇದನ್ನ ಮಾಡಿದೋನು ಯಾರೋ?" ಎಂದು ಕೇಳಿದರು. ಹನ್ನೊಂದು ವರ್ಷ ಈ ಊರಿನಲ್ಲಿದ್ದ ನನಗೆ ಉತ್ತರ ಗೊತ್ತಿರಲಿಲ್ಲ.

ಅಂದು ಹುಡುಕಲು ಹೊರಟ ಉತ್ತರವೇ ಈ ಲೇಖನ. ಮಾಡಿದವನ ಹೆಸರು ಹ್ಯಾರಿ ಕ್ಲಾರ್ಕ್. ಬದುಕಿದ್ದು 41 ವರ್ಷ. ಐರ್ಲೆಂಡ್ ತನ್ನ ಶ್ರೇಷ್ಠ ಕಲಾವಿದರ ಸಾಲಿನಲ್ಲಿ ಇಂದು ಹೆಮ್ಮೆಯಿಂದ ಎಣಿಸುವ ಈತ ಇಂಗ್ಲೆಂಡಿನಿಂದ ವಲಸೆ ಬಂದವರ ಮಗ. ಆತನ ಅತ್ಯುತ್ತಮ ಕೃತಿಗಳಲ್ಲೊಂದನ್ನು ಇದೇ ದೇಶದ ಸರ್ಕಾರ ಬೇಡವೆಂದಿತು. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮಂಥ ವಲಸಿಗರಿಗೆ ಯೋಚಿಸಲು ಬೇಕಾದಷ್ಟು ಸಿಗುತ್ತದೆ.

ಲೀಡ್ಸ್‌ನಿಂದ ಬಂದ ತಂದೆ

ಹ್ಯಾರಿಯ ತಂದೆ ಜೋಶುವಾ ಕ್ಲಾರ್ಕ್ ಇಂಗ್ಲೆಂಡಿನ ಲೀಡ್ಸ್ ಪಟ್ಟಣದವರು. 1877ರಲ್ಲಿ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ಕೆಲಸ ಹುಡುಕಿಕೊಂಡು ಡಬ್ಲಿನ್‌ಗೆ ಬಂದರು. ಚರ್ಚುಗಳಿಗೆ ಅಲಂಕಾರದ ಕೆಲಸ ಮಾಡಿಕೊಡುವ ಸ್ವಂತ ಉದ್ಯಮವನ್ನು 1886ರಲ್ಲಿ ಆರಂಭಿಸಿದರು. ಆ ಕಾಲದಲ್ಲಿ ಐರ್ಲೆಂಡಿನ ಊರೂರುಗಳಲ್ಲಿ ಕ್ಯಾಥೊಲಿಕ್ ಚರ್ಚುಗಳು ಏಳುತ್ತಿದ್ದುದರಿಂದ ಕೆಲಸಕ್ಕೆ ಬರವಿರಲಿಲ್ಲ. ಜೋಶುವಾ ಸ್ಲೈಗೊ ಸೀಮೆಯ ಬ್ರಿಜಿಡ್ ಮೆಕ್‌ಗೊನಿಗಲ್ ಎಂಬವರನ್ನು ಮದುವೆಯಾಗಿ, ಪತ್ನಿಯ ಕ್ಯಾಥೊಲಿಕ್ ಧರ್ಮವನ್ನೇ ಸ್ವೀಕರಿಸಿ, ಇಲ್ಲಿಯವರೇ ಆಗಿಹೋದರು. ಮನೆ ಮತ್ತು ಕಾರ್ಯಾಗಾರ ಎರಡೂ ನಾರ್ತ್ ಫ್ರೆಡರಿಕ್ ಸ್ಟ್ರೀಟಿನ 33ನೇ ಸಂಖ್ಯೆಯ ಕಟ್ಟಡದಲ್ಲಿ. ಅಲ್ಲಿಯೇ 1889ರ ಮಾರ್ಚ್ 17ರಂದು, ಊರೆಲ್ಲ ಸಂತ ಪ್ಯಾಟ್ರಿಕ್‌ನ ಹಬ್ಬದಲ್ಲಿದ್ದ ದಿನ, ಹ್ಯಾರಿ ಹುಟ್ಟಿದ. ಇಂದಿಗೂ ಓ'ಕಾನಲ್ ಸ್ಟ್ರೀಟಿನ ತುದಿಯಿಂದ ನಾಲ್ಕು ಹೆಜ್ಜೆ ಹಾಕಿದರೆ ಈ ಬೀದಿ ಸಿಗುತ್ತದೆ.

ಹಾಗಾಗಿ ಗಾಜು, ಸೀಸ, ಕುಲುಮೆ ಇವೆಲ್ಲ ಹುಡುಗನಿಗೆ ಮನೆಯ ಸಾಮಾನುಗಳೇ. 1903ರಲ್ಲಿ ತಾಯಿ ತೀರಿಕೊಂಡರು. ಹ್ಯಾರಿಗೆ ಆಗ ಹದಿನಾಲ್ಕು ವರ್ಷ. ಆ ನೋವಿನ ಬೆನ್ನಲ್ಲೇ ಓದು ನಿಂತಿತು, ಕೆಲಸ ಆರಂಭವಾಯಿತು. ಹಗಲು ತಂದೆಯ ಕಾರ್ಯಾಗಾರದಲ್ಲಿ ದುಡಿತ, ಸಂಜೆ ಡಬ್ಲಿನ್ ಮೆಟ್ರೊಪಾಲಿಟನ್ ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿಕೆ. ಅಲ್ಲಿ ಗುರುವಾಗಿ ಸಿಕ್ಕವರು ಆಲ್ಫ್ರೆಡ್ ಚೈಲ್ಡ್. ಚೈಲ್ಡ್ ಕೂಡ ಇಂಗ್ಲೆಂಡಿನವರೇ. ಬಣ್ಣದ ಗಾಜಿನ ಕಲೆಗೆ ಹೊಸ ಜೀವ ಕೊಟ್ಟ ಕ್ರಿಸ್ಟೋಫರ್ ವಾಲ್ ಅವರ ಶಿಷ್ಯ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಐರ್ಲೆಂಡಿನ ಚರ್ಚುಗಳಿಗೆ ಬೇಕಾದ ಕಿಟಕಿಗಳು ಬಹುಪಾಲು ಮ್ಯೂನಿಕ್, ಬರ್ಮಿಂಗ್‌ಹ್ಯಾಮ್, ಲಂಡನ್‌ಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಒಂದೇ ಅಚ್ಚಿನ ಸಂತರು, ಒಂದೇ ಅಚ್ಚಿನ ಮುಖಗಳು. ನಮ್ಮ ನಾಡಿನ ಕಿಟಕಿಗಳನ್ನು ನಾವೇ ಮಾಡಬೇಕು, ಪ್ರತಿಯೊಂದನ್ನೂ ಒಬ್ಬ ಕಲಾವಿದ ಆರಂಭದಿಂದ ಕೊನೆಯವರೆಗೆ ತನ್ನ ಕೈಯಾರೆ ಮಾಡಬೇಕು ಎಂಬ ಹಟದಿಂದ ಚಿತ್ರಕಲಾವಿದೆ ಸಾರಾ ಪರ್ಸರ್ 1903ರಲ್ಲಿ 'ಆನ್ ಟೂರ್ ಗ್ಲೋನ್ಯ' ಎಂಬ ಕಾರ್ಯಾಗಾರ ಆರಂಭಿಸಿದರು. ಐರಿಷ್ ಭಾಷೆಯಲ್ಲಿ ಅದರ ಅರ್ಥ 'ಗಾಜಿನ ಗೋಪುರ'. ಚೈಲ್ಡ್ ಅದರ ಮುಖ್ಯ ಕುಶಲಿ. ಹ್ಯಾರಿ ಬೆಳೆದದ್ದು ಈ ಗಾಳಿಯಲ್ಲಿ. ಸ್ವದೇಶಿಯ ಈ ಹಟಕ್ಕೆ ಕೈ ತರಬೇತಿ ಕೊಟ್ಟವರು ಹೊರಗಿನಿಂದ ಬಂದ ಗುರು; ಅದರ ಅತಿ ದೊಡ್ಡ ಪ್ರತಿಭೆಯಾಗಿ ಅರಳಿದವನು ಹೊರಗಿನಿಂದ ಬಂದವರ ಮಗ. ಇದನ್ನು ವಿರೋಧಾಭಾಸ ಎನ್ನುವವರಿರಬಹುದು. ನನಗೆ ಹಾಗೆನ್ನಿಸುವುದಿಲ್ಲ. ಒಂದು ನೆಲದ ಸಂಸ್ಕೃತಿ ಅದನ್ನು ಪ್ರೀತಿಯಿಂದ ಕಲಿತವರ ಕೈಯಲ್ಲಿ ಬೆಳೆಯುತ್ತದೆ.

1911, 1912 ಮತ್ತು 1913, ಸತತ ಮೂರು ವರ್ಷ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹ್ಯಾರಿಗೆ ಚಿನ್ನದ ಪದಕ ಬಂತು. ಬೇಸಿಗೆಯಲ್ಲಿ ಗೆಳೆಯರೊಡನೆ ಪಶ್ಚಿಮ ಕರಾವಳಿಯಾಚೆಯ ಇನಿಶೀರ್ ದ್ವೀಪಕ್ಕೆ ಹೋಗುತ್ತಿದ್ದ. ಅಲ್ಲಿನ ಕಡಲು, ಕಡಲಜೀವಿಗಳು, ದ್ವೀಪದ ಜನರ ಉಡುಪು ಎಲ್ಲವೂ ಮುಂದೆ ಅವನ ಗಾಜಿನೊಳಗೆ ಸೇರಿಕೊಂಡವು. 1914ರಲ್ಲಿ ವಿದ್ಯಾರ್ಥಿವೇತನದ ಮೇಲೆ ಫ್ರಾನ್ಸ್‌ಗೆ ಹೋಗಿ ಶಾರ್ತ್ರ್‌ನ ಮಹಾ ಚರ್ಚಿನ ಮಧ್ಯಯುಗದ ಕಿಟಕಿಗಳನ್ನು ಕಣ್ಣಾರೆ ಕಂಡ. ಆ ಕಡುನೀಲಿ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅದೇ ವರ್ಷ ಅಕ್ಟೋಬರ್ 31ರಂದು ಚಿತ್ರಕಲಾವಿದೆ ಮಾರ್ಗರೆಟ್ ಕ್ರಿಲಿಯನ್ನು ಮದುವೆಯಾದ.

ಗಾಜು ಚಿತ್ರವಾಗುವ ಬಗೆ

ಕ್ಲಾರ್ಕ್‌ನ ಹೆಚ್ಚುಗಾರಿಕೆ ತಿಳಿಯಬೇಕಾದರೆ ಈ ಕೆಲಸದ ಕ್ರಮ ತಿಳಿದಿರಬೇಕು. ಮೊದಲು ಸಣ್ಣ ಬಣ್ಣದ ಚಿತ್ರ. ನಂತರ ಕಿಟಕಿಯಷ್ಟೇ ಅಳತೆಯ ಕಾಗದದ ಮೇಲೆ ಪೂರ್ಣ ನಕ್ಷೆ. ಆ ನಕ್ಷೆಯ ಪ್ರಕಾರ ಬೇರೆ ಬೇರೆ ಬಣ್ಣದ ಗಾಜನ್ನು ತುಂಡು ತುಂಡಾಗಿ ಕತ್ತರಿಸುತ್ತಾರೆ. ಮುಖ, ಬೆರಳು, ಬಟ್ಟೆಯ ನೆರಿಗೆ ಮುಂತಾದ ಗೆರೆಗಳನ್ನು ಕಂದುಗಪ್ಪು ಬಣ್ಣದಿಂದ ಬರೆದು ಕುಲುಮೆಯಲ್ಲಿ ಸುಡುತ್ತಾರೆ; ಆಗ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ. ಹೊಂಬಣ್ಣ ಬೇಕಾದಲ್ಲಿ ಬೆಳ್ಳಿಯ ಲವಣ ಹಚ್ಚಿ ಸುಡುತ್ತಾರೆ. ಕೊನೆಗೆ ತುಂಡುಗಳನ್ನು ಸೀಸದ ಪಟ್ಟಿಗಳ ನಡುವೆ ಸಿಕ್ಕಿಸಿ, ಬೆಸುಗೆ ಹಾಕಿ ಒಂದು ಮಾಡುತ್ತಾರೆ.

ಇಷ್ಟನ್ನು ಎಲ್ಲರೂ ಮಾಡುತ್ತಿದ್ದರು. ಕ್ಲಾರ್ಕ್ ಮಾಡಿದ್ದು ಇದರಾಚೆಗಿನದು. ಬಿಳಿ ಗಾಜಿನ ಮೇಲೆ ತೆಳುವಾದ ಬಣ್ಣದ ಗಾಜಿನ ಪದರ ಕೂಡಿಸಿದ ಹಾಳೆಗಳು ಬರುತ್ತವೆ. ಬಣ್ಣ ಉಳಿಯಬೇಕಾದ ಜಾಗವನ್ನು ಮೇಣದಂಥ ವಸ್ತುವಿನಿಂದ ಮುಚ್ಚಿ, ಉಳಿದದ್ದನ್ನು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಆ ಭಾಗದ ಬಣ್ಣ ಕರಗಿಹೋಗುತ್ತದೆ. ಅದ್ದುವ ಹೊತ್ತು ಹೆಚ್ಚು ಕಡಿಮೆಯಾದಂತೆ ಒಂದೇ ತುಂಡಿನಲ್ಲಿ ಕಡುಗೆಂಪಿನಿಂದ ನಸುಗುಲಾಬಿಯವರೆಗೆ ಹತ್ತು ಛಾಯೆ ತೆಗೆಯಬಹುದು. ಕ್ಲಾರ್ಕ್ ಇದನ್ನು ಮತ್ತೆ ಮತ್ತೆ ಮಾಡುತ್ತಿದ್ದ. ಹೀಗೆ ಕೊರೆದ ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟು, ನೀಲಿಯ ಹಿಂದೆ ಕೆಂಪು ಸೇರಿಸಿ, ಬೇರೆಲ್ಲೂ ಕಾಣದ ನೇರಳೆಗಳನ್ನು ಹುಟ್ಟಿಸುತ್ತಿದ್ದ. ಆ ಆಮ್ಲದ ಹೊಗೆ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮೊದಲೇ ಎದೆಯ ಕಾಯಿಲೆಗೆ ಸುಲಭವಾಗಿ ತುತ್ತಾಗುತ್ತಿದ್ದ ಮನುಷ್ಯ ತಾನು ಪ್ರೀತಿಸಿದ ಕೆಲಸದ ನಡುವೆಯೇ ಆ ಹೊಗೆಯನ್ನು ಉಸಿರಾಡುತ್ತಿದ್ದ ಎಂಬುದನ್ನು ಆ ಬಣ್ಣಗಳನ್ನು ನೋಡುವಾಗ ಮರೆಯುವುದು ಕಷ್ಟ.

ಕಾರ್ಕ್‌ನ ಹನ್ನೊಂದು ಕಿಟಕಿಗಳು

ಹ್ಯಾರಿಗೆ ಹೆಸರು ತಂದ ಕೆಲಸ ಕಾರ್ಕ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಹೋನನ್ ಚಾಪೆಲ್‌ನದು. ಹೋನನ್ ಎಂಬ ವರ್ತಕ ಮನೆತನ ಬಿಟ್ಟುಹೋದ ಹಣದಿಂದ ಕಟ್ಟಿದ ಈ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ 19 ಕಿಟಕಿಗಳಿವೆ. ಎಂಟನ್ನು 'ಗಾಜಿನ ಗೋಪುರ'ದ ಕಲಾವಿದರು ಮಾಡಿದರು. ಹನ್ನೊಂದನ್ನು 1915ರಿಂದ 1917ರ ನಡುವೆ ಹ್ಯಾರಿ ಕ್ಲಾರ್ಕ್ ಒಬ್ಬನೇ ಮಾಡಿದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಎಲ್ಲರೂ ನಿಂತು ನೋಡುವ ಕಿಟಕಿ ಸಂತ ಗೊಬ್‌ನಿಟ್‌ಳದು. ಈಕೆ ಜೇನುಹುಳುಗಳನ್ನು ಸಾಕಿದವಳೆಂದು ಕಾರ್ಕ್ ಸೀಮೆಯ ಜನರ ನಂಬಿಕೆ. ಕಳ್ಳರು ಬಂದಾಗ ಜೇನುಹುಳುಗಳನ್ನೇ ಅವರ ಮೇಲೆ ಬಿಟ್ಟು ಓಡಿಸಿದಳಂತೆ. ಕ್ಲಾರ್ಕ್‌ನ ಗೊಬ್‌ನಿಟ್ ಪಕ್ಕಕ್ಕೆ ಮುಖ ತಿರುಗಿಸಿ ನಿಂತಿದ್ದಾಳೆ. ಮೈ ತುಂಬ ನೀಲಿ, ಬಿಳಿಚಿದ ಮುಖ, ನೀಳವಾದ ಬೆರಳುಗಳು. ಜೇನುಹುಳುಗಳಿಗೆ ಹೆದರಿದ ಕಳ್ಳರ ಮುಖಗಳನ್ನೂ ಬರೆಯಲು ಅವನು ಮರೆತಿಲ್ಲ. ಹಿಂದಿನ ಕಿಟಕಿಗಳ ಸಂತರು ಆಕಾಶ ನೋಡುತ್ತಿದ್ದರು. ಇವನ ಸಂತರಿಗೆ ಸ್ವಭಾವವಿದೆ, ಊರಿದೆ, ಕಥೆಯಿದೆ. ಊರಿನ ಕಥೆಯನ್ನು ಊರಿನವರಿಗೇ ಹೊಸದಾಗಿ ಕಾಣಿಸಿದ್ದು ಇವನ ಸಾಧನೆ.

ಪುಸ್ತಕಗಳು ಮತ್ತು 49 ಸಾವಿರ ಹೆಸರುಗಳು

ಕ್ಲಾರ್ಕ್ ಪುಸ್ತಕಗಳಿಗೂ ಚಿತ್ರ ಬರೆದ. ಕೋಲ್‌ರಿಜ್‌ನ ಮುದಿ ನಾವಿಕನ ಕಾವ್ಯಕ್ಕೆ ಬರೆದ ಚಿತ್ರಗಳ ಅಚ್ಚುಗಳು 1916ರ ಈಸ್ಟರ್ ದಂಗೆಯ ಬೆಂಕಿಯಲ್ಲಿ ಪ್ರಕಾಶಕರ ಕಟ್ಟಡದೊಂದಿಗೆ ಸುಟ್ಟುಹೋದವು. ಅದೇ ವರ್ಷ ಲಂಡನ್ನಿನ ಹ್ಯಾರಪ್ ಸಂಸ್ಥೆ ಅವನ ಚಿತ್ರಗಳೊಡನೆ ಆ್ಯಂಡರ್ಸನ್‌ನ ಕಿನ್ನರ ಕಥೆಗಳನ್ನು ಪ್ರಕಟಿಸಿತು. 1919ರಲ್ಲಿ ಎಡ್ಗರ್ ಆಲನ್ ಪೋ ಕಥೆಗಳು ಬಂದವು. ಆ ಕಪ್ಪು-ಬಿಳುಪು ಚಿತ್ರಗಳ ಭಯಾನಕ ಸೊಬಗು ಅವನಿಗೆ ಐರ್ಲೆಂಡಿನಾಚೆಗೂ ಓದುಗರನ್ನು ಗಳಿಸಿಕೊಟ್ಟಿತು.

ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಆದರೆ ಅದನ್ನು ಬಿಡುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಹೋರಾಡಿ ಸತ್ತ ಐರಿಷ್ ಸೈನಿಕರ ಹೆಸರುಗಳನ್ನು ಎಂಟು ಸಂಪುಟಗಳಲ್ಲಿ 1923ರಲ್ಲಿ ಮುದ್ರಿಸಲಾಯಿತು. 49 ಸಾವಿರಕ್ಕೂ ಹೆಚ್ಚು ಹೆಸರುಗಳು. ಪ್ರತಿ ಪುಟದ ಸುತ್ತಲ ಅಂಚಿನ ಚಿತ್ರ ಕ್ಲಾರ್ಕ್‌ನದು: ಬಳ್ಳಿಗಳ ನಡುವೆ ಕಪ್ಪು ನೆರಳಿನಂಥ ಸೈನಿಕರು, ಫಿರಂಗಿಗಳು, ವಿಮಾನಗಳು, ಸಮಾಧಿಗಳು. ಅಷ್ಟು ಹೊತ್ತಿಗೆ ದೇಶ ಬ್ರಿಟಿಷರಿಂದ ಬಿಡುಗಡೆ ಪಡೆದಿತ್ತು. ಬ್ರಿಟಿಷ್ ಸಮವಸ್ತ್ರದಲ್ಲಿ ಸತ್ತವರನ್ನು ಬಾಯಿಬಿಟ್ಟು ನೆನೆಯುವುದು ಹೊಸ ರಾಷ್ಟ್ರಕ್ಕೆ ಕಷ್ಟವಾಗಿತ್ತು. ಮನೆಮನೆಗಳಲ್ಲಿ ತಾಯಂದಿರು ಮಾತ್ರ ನೆನೆಯುತ್ತಿದ್ದರು. ಐಲಂಡ್‌ಬ್ರಿಜ್‌ನ ಯುದ್ಧ ಸ್ಮಾರಕ ಉದ್ಯಾನದಲ್ಲಿ ಈ ಸಂಪುಟಗಳನ್ನು ಇಟ್ಟಿದ್ದಾರೆ. ನಮ್ಮಲ್ಲಿ ಎಷ್ಟೋ ಕುಟುಂಬಗಳು ಆ ಉದ್ಯಾನದ ಗುಲಾಬಿ ತೋಟದಲ್ಲಿ ಸುತ್ತಾಡಿದ್ದೇವೆ.

ಜಿನೀವಾ ಕಿಟಕಿ

1921ರಲ್ಲಿ ತಂದೆ ಜೋಶುವಾ ತೀರಿಕೊಂಡರು. ಕಾರ್ಯಾಗಾರದ ಹೊರೆ ಹ್ಯಾರಿ ಮತ್ತು ಅವನ ಅಣ್ಣ ವಾಲ್ಟರ್ ಮೇಲೆ ಬಿತ್ತು. ಡಿಂಗಲ್‌ನ ಕಾನ್ವೆಂಟಿನ ಕಿಟಕಿಗಳು, ಕೀಟ್ಸ್‌ನ ಕಾವ್ಯವೊಂದನ್ನು ಆಧರಿಸಿ 1924ರಲ್ಲಿ ಮುಗಿಸಿದ 'ಸಂತ ಆಗ್ನೆಸ್‌ಳ ಹಬ್ಬದ ಮುನ್ನಿರುಳು', 1928ರ ಹೊತ್ತಿಗೆ ಬ್ಯೂಲೀಸ್‌ನ ಆರು ಕಿಟಕಿಗಳು ಹೀಗೆ ಕೆಲಸದ ಮೇಲೆ ಕೆಲಸ. ಇಂಗ್ಲೆಂಡಿಗೆ, ದೂರದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಕೂಡ ಕಿಟಕಿಗಳು ಹೋದವು. ಒಂದು ಕಾಲಕ್ಕೆ ಕಿಟಕಿಗಳನ್ನು ಆಮದು ಮಾಡಿಕೊಳ್ಳುತ್ತಿದ್ದ ದೇಶ ಈಗ ಕಳಿಸಿಕೊಡುತ್ತಿತ್ತು.

1920ರ ದಶಕದ ನಡುವೆ ಐರಿಷ್ ಸರ್ಕಾರದಿಂದಲೇ ಒಂದು ಕೋರಿಕೆ ಬಂತು. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿಗೆ ಸದಸ್ಯ ರಾಷ್ಟ್ರಗಳು ಕಾಣಿಕೆ ಕೊಡುತ್ತಿದ್ದವು. ಹೊಸದಾಗಿ ಹುಟ್ಟಿದ ಐರ್ಲೆಂಡ್ ತನ್ನ ಕಾಣಿಕೆಯಾಗಿ ಒಂದು ಬಣ್ಣದ ಗಾಜಿನ ಕಿಟಕಿ ಕೊಡಬೇಕೆಂದು ತೀರ್ಮಾನಿಸಿತು. ನಮ್ಮ ದೇಶದ ಹೆಮ್ಮೆ ಯಾವುದು? ಸಾಹಿತ್ಯ. ಕ್ಲಾರ್ಕ್ ಹದಿನೈದು ಐರಿಷ್ ಬರಹಗಾರರನ್ನು ಆರಿಸಿದ. ಆಯ್ಕೆಯಲ್ಲಿ ಕವಿ ಯೇಟ್ಸ್ ನೆರವಾದರು. ಯೇಟ್ಸ್, ಷಾ, ಜಾಯ್ಸ್, ಸಿಂಜ್, ಓ'ಕೇಸಿ, ಲೇಡಿ ಗ್ರೆಗರಿ, ಪ್ಯಾಟ್ರಿಕ್ ಪಿಯರ್ಸ್, ಲಿಯಾಮ್ ಓ'ಫ್ಲಾಹರ್ಟಿ ಮೊದಲಾದವರ ಕೃತಿಗಳಿಂದ ಒಂದೊಂದು ದೃಶ್ಯ, ಎಂಟು ಫಲಕಗಳಲ್ಲಿ.

ಕೆಲಸದ ನಡುವೆಯೇ ಅವನಿಗೆ ಕ್ಷಯ ಹಿಡಿಯಿತು. 1929ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನ ಆರೋಗ್ಯಧಾಮಕ್ಕೆ ಹೋದ. ಸ್ವಲ್ಪ ಚೇತರಿಸಿಕೊಂಡು 1930ರಲ್ಲಿ ಮರಳಿ ಬಂದು ಕಿಟಕಿಯನ್ನು ಮುಗಿಸಿದ. ಅಣ್ಣ ವಾಲ್ಟರ್ ಅದೇ ವರ್ಷ ತೀರಿಹೋದ.

ಸರ್ಕಾರ ಕಿಟಕಿಯನ್ನು ನೋಡಿ ಗಾಬರಿಯಾಯಿತು. ಓ'ಫ್ಲಾಹರ್ಟಿಯ ಕಾದಂಬರಿಯಿಂದ ತೆಗೆದ ಫಲಕದಲ್ಲಿ ತೆಳು ಬಟ್ಟೆ ಹೊದ್ದ ಯುವತಿಯೊಬ್ಬಳು ಗಂಡಸಿನ ಮುಂದೆ ಕುಣಿಯುತ್ತಿದ್ದಳು. ಓ'ಕೇಸಿಯ ನಾಟಕದಿಂದ ಬಂದವರು ಕುಡುಕರು. ಪುಸ್ತಕಗಳನ್ನು ನಿಷೇಧಿಸಲು ಅಧಿಕಾರ ಕೊಡುವ ಕಾಯ್ದೆ 1929ರಲ್ಲಷ್ಟೇ ಜಾರಿಗೆ ಬಂದಿತ್ತು. ಸರ್ಕಾರದ ಮುಖ್ಯಸ್ಥರಾಗಿದ್ದ ಕಾಸ್‌ಗ್ರೇವ್ ಅವರು ಕ್ಲಾರ್ಕ್‌ಗೆ ಪತ್ರ ಬರೆದು, ಇಂಥ ಬರಹಗಾರರ ಇಂಥ ದೃಶ್ಯಗಳನ್ನು ಐರಿಷ್ ಸಂಸ್ಕೃತಿಯ ಪ್ರತಿನಿಧಿ ಎಂದು ತೋರಿಸಿದರೆ ನಮ್ಮ ಜನರ ಮನಸ್ಸಿಗೆ ನೋವಾಗುತ್ತದೆ ಎಂಬರ್ಥದಲ್ಲಿ ತಿಳಿಸಿದರು. ವಿಷಯ ಇತ್ಯರ್ಥವಾಗುವ ಮೊದಲೇ ಕಾಯಿಲೆ ಉಲ್ಬಣಿಸಿ ಕ್ಲಾರ್ಕ್ ಮತ್ತೆ ದಾವೋಸ್‌ಗೆ ಹೋಗಬೇಕಾಯಿತು. ಇನ್ನು ಉಳಿಯುವುದಿಲ್ಲವೆಂದು ತಿಳಿದು ಊರಲ್ಲೇ ಕಣ್ಣು ಮುಚ್ಚೋಣವೆಂದು ಹೊರಟ. ದಾರಿಯಲ್ಲಿ ಕೂರ್ ಎಂಬ ಸ್ವಿಸ್ ಪಟ್ಟಣದಲ್ಲಿ 1931ರ ಜನವರಿ 6ರಂದು ತೀರಿಕೊಂಡ. ಮನೆಯಲ್ಲಿ ಮೂವರು ಮಕ್ಕಳಿದ್ದರು.

ಕಿಟಕಿ ಜಿನೀವಾಕ್ಕೆ ಹೋಗಲಿಲ್ಲ. ಸರ್ಕಾರ ಹಣವನ್ನೇನೋ ಕೊಟ್ಟಿತು. ಆದರೆ ಕಿಟಕಿಯನ್ನು ಡಬ್ಲಿನ್‌ನ ಕಚೇರಿಯೊಂದರಲ್ಲಿ ಇರಿಸಿಬಿಟ್ಟಿತು. ಮಾರ್ಗರೆಟ್ ಆ ಹಣ ಮರಳಿಸಿ ಕಿಟಕಿಯನ್ನು ವಾಪಸು ಪಡೆದರು. ಮುಂದೆ ಕೆಲಕಾಲ ಅದು ಡಬ್ಲಿನ್‌ನ ಹ್ಯೂ ಲೇನ್ ಗ್ಯಾಲರಿಯಲ್ಲಿತ್ತು. 1980ರ ದಶಕದ ಕೊನೆಗೆ ಅಮೆರಿಕದ ಸಂಗ್ರಾಹಕರೊಬ್ಬರಿಗೆ ಮಾರಾಟವಾಯಿತು. ಐರ್ಲೆಂಡ್ ತನ್ನ ಹೆಮ್ಮೆಯೆಂದು ಮಾಡಿಸಿದ ಆ ಕಿಟಕಿಯನ್ನು ಇಂದು ನೋಡಬೇಕಾದರೆ ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿರುವ ವುಲ್ಫ್‌ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಈ ಪ್ರಸಂಗದಲ್ಲಿ ಕಾಸ್‌ಗ್ರೇವ್ ಅವರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರ ಕಷ್ಟ ನಮಗೆ ಅಪರಿಚಿತವೇನಲ್ಲ. ಹೊರಗಿನವರ ಮುಂದೆ ನಮ್ಮ ಸಂಸ್ಕೃತಿಯನ್ನು ಇಡಬೇಕಾದಾಗ ಏನನ್ನು ತೋರಿಸಬೇಕು, ಏನನ್ನು ಬಚ್ಚಿಡಬೇಕು ಎಂಬ ಪ್ರಶ್ನೆ ಪ್ರತಿ ರಾಜ್ಯೋತ್ಸವದ ಸಿದ್ಧತೆಯಲ್ಲೂ ನಮ್ಮೆದುರು ಬರುತ್ತದೆ. ಯಾವ ನಾಟಕ ಬೇಡ, ಯಾವ ಹಾಡು 'ಫ್ಯಾಮಿಲಿ' ಕಾರ್ಯಕ್ರಮಕ್ಕೆ ಸರಿಹೋಗುವುದಿಲ್ಲ ಎಂದು ಸಮಿತಿಯಲ್ಲಿ ಕೂತು ಕತ್ತರಿಸುವಾಗ ನಾನೂ ಕೈ ಎತ್ತಿದ್ದೇನೆ. ಒಳ್ಳೆಯ ಉದ್ದೇಶದಿಂದಲೇ ಎತ್ತಿದ್ದೇನೆ. ಕಾಸ್‌ಗ್ರೇವ್ ಅವರ ಉದ್ದೇಶವೂ ಕೆಟ್ಟದ್ದಾಗಿರಲಿಲ್ಲ. ಅಂದು ಅವರು ತಿರಸ್ಕರಿಸಿದ ಆ ಬರಹಗಾರರೇ ಇಂದು ಈ ದೇಶದ ಹೆಸರನ್ನು ಜಗತ್ತಿನ ಮುಂದೆ ಹೊತ್ತು ನಿಂತಿದ್ದಾರೆ ಎಂಬುದನ್ನು ನೆನೆದಾಗ ಮುಂದಿನ ಬಾರಿ ಕೈ ಎತ್ತುವ ಮುನ್ನ ಒಂದು ಕ್ಷಣ ತಡೆಯುವಂತಾಗುತ್ತದೆ.

ಇಲ್ಲದ ಸಮಾಧಿ

ಕ್ಲಾರ್ಕ್‌ನನ್ನು ಕೂರ್‌ನಲ್ಲಿಯೇ ಮಣ್ಣು ಮಾಡಿದರು. ಹದಿನೈದು ವರ್ಷ ಕಳೆದ ಮೇಲೂ ಸಮಾಧಿಯನ್ನು ನೋಡಿಕೊಳ್ಳುತ್ತೇವೆಂದು ಕುಟುಂಬ ಬರೆದುಕೊಡಬೇಕೆಂಬ ನಿಯಮ ಅಲ್ಲಿತ್ತು. ಮನೆಯವರಿಗೆ ಅದು ತಿಳಿದಿರಲಿಲ್ಲ. ಅವಧಿ ಮುಗಿದಾಗ ಅವಶೇಷಗಳನ್ನು ತೆಗೆದು ಸಾಮೂಹಿಕ ಗುಂಡಿಗೆ ಸೇರಿಸಿದರು. ಹಾಗಾಗಿ ಹೂವಿಡಲು ಅವನದೆಂಬ ಸಮಾಧಿ ಎಲ್ಲೂ ಇಲ್ಲ. ಪರದೇಶದಲ್ಲಿ ಸಾವು ಬಂದರೆ ಎಂಬ ಯೋಚನೆ ನಮ್ಮ ಪೀಳಿಗೆಯ ಅನೇಕರನ್ನು ಆಗಾಗ ಕಾಡುತ್ತದೆ. ಆ ದೇಶದ ಕಾಗದಪತ್ರದ ನಿಯಮ ಗೊತ್ತಿಲ್ಲದ್ದಕ್ಕೆ ಒಂದು ಕುಟುಂಬಕ್ಕೆ ಹೀಗಾಯಿತಲ್ಲ ಎಂದು ಓದಿದಾಗ ನನ್ನ ಎದೆ ಭಾರವಾಯಿತು.

ಗಂಡ ಹೋದ ಮೇಲೆ ಕಾರ್ಯಾಗಾರವನ್ನು ಮಾರ್ಗರೆಟ್ ಮುನ್ನಡೆಸಿದರು. ಅವರೂ ದೊಡ್ಡ ಚಿತ್ರಕಲಾವಿದೆ. 1927ರಲ್ಲಿ ರಾಯಲ್ ಹೈಬರ್ನಿಯನ್ ಅಕಾಡೆಮಿಯ ಸದಸ್ಯೆಯಾಗಿ ಆಯ್ಕೆಯಾಗಿದ್ದವರು. 'ಹ್ಯಾರಿ ಕ್ಲಾರ್ಕ್ ಸ್ಟೇನ್ಡ್ ಗ್ಲಾಸ್' ಹೆಸರಿನ ಸಂಸ್ಥೆ 1973ರವರೆಗೆ ನಡೆಯಿತು. ಐರ್ಲೆಂಡಿನ ಹಲವು ಚರ್ಚುಗಳಲ್ಲಿ ಕ್ಲಾರ್ಕ್ ಕಿಟಕಿ ಎಂದು ತೋರಿಸುವುದು ಅವನ ಮರಣಾನಂತರ ಶಿಷ್ಯರು ಮಾಡಿದ್ದಿರುತ್ತದೆ. ನೋಡುವವರು ಇಸವಿಯನ್ನು ಗಮನಿಸಬೇಕು. ಅವನ ಕಾಲದಲ್ಲೇ ಕಾರ್ಯಾಗಾರದಿಂದ 130ಕ್ಕೂ ಹೆಚ್ಚು ಕಿಟಕಿಗಳು ಹೊರಬಂದಿದ್ದವು. ಬಹುಕಾಲ ಮಸುಕಾಗಿದ್ದ ಅವನ ಹೆಸರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು ಕಲಾ ಇತಿಹಾಸಕಾರ್ತಿ ನಿಕೋಲಾ ಗೋರ್ಡನ್ ಬೋ. ಅವರು ಬರೆದ ಜೀವನಚರಿತ್ರೆ ಹ್ಯಾರಿಯ ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಹೊರಬಂತು.

ನೋಡಲು ಹೋಗುವವರಿಗೆ

ಸಂಶೋಧನೆ ಓದಿ ಮಡಿಸಿಡಲು ಅಲ್ಲ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಡಬ್ಲಿನ್‌ನಲ್ಲಿ ಬ್ಯೂಲೀಸ್ ಕಿಟಕಿಗಳಿವೆ. ನ್ಯಾಷನಲ್ ಗ್ಯಾಲರಿಯಲ್ಲಿ 'ಹುಚ್ಚು ರಾಜಕುಮಾರನ ಹಾಡು' ಎಂಬ ಪುಟ್ಟ ಫಲಕವಿದೆ. ಹ್ಯೂ ಲೇನ್ ಗ್ಯಾಲರಿಯ ಸಂಗ್ರಹದಲ್ಲಿ ಸಂತ ಆಗ್ನೆಸ್ ಇದ್ದಾಳೆ. ಕಾರ್ಕ್ ಕಡೆಗೆ ಹೋದರೆ ಹೋನನ್ ಚಾಪೆಲ್ ಬಿಡಬೇಡಿ. ಮೇಯೊ ಸೀಮೆಯ ನ್ಯೂಪೋರ್ಟ್ ಚರ್ಚಿನಲ್ಲಿ ಅವನ ಕೊನೆಯ ಕಿಟಕಿಗಳಲ್ಲೊಂದಾದ 'ಅಂತಿಮ ತೀರ್ಪು' ಇದೆ. ಹೋಗುವಾಗ ಬಿಸಿಲಿರುವ ದಿನ ನೋಡಿ ಹೋಗಿ. ಈ ದೇಶದಲ್ಲಿ ಅದಕ್ಕೆ ಸ್ವಲ್ಪ ತಾಳ್ಮೆ ಬೇಕಾದೀತು. ಮೋಡ ಸರಿದು ಬಿಸಿಲು ಬಂದಾಗ ಅದೇ ಕಿಟಕಿ ಬೇರೆಯೇ ಆಗಿ ಕಾಣುತ್ತದೆ.

ಅಮ್ಮನಿಗೆ ಉತ್ತರವನ್ನು ಆಮೇಲೆ ಫೋನಿನಲ್ಲಿ ಹೇಳಿದೆ. ಇಂಗ್ಲೆಂಡಿನಿಂದ ಬಂದವರ ಮಗ, ಇಲ್ಲೇ ಹುಟ್ಟಿ ಬೆಳೆದವನು, ಈ ದೇಶದ ಕಥೆಗಳನ್ನು ಗಾಜಿನಲ್ಲಿ ಬರೆದವನು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮೊಮ್ಮಕ್ಕಳ ಥರಾನೇ" ಎಂದರು. ನಾನು ಇಷ್ಟೆಲ್ಲ ಓದಿ ತಿಳಿದುಕೊಂಡದ್ದನ್ನು ಅವರು ಅಷ್ಟರಲ್ಲೇ ಹೇಳಿ ಮುಗಿಸಿದ್ದರು.